ವೇ ಬ್ರಿಡ್ಜ್ ಯಾವ ಬಗೆಯ ಗಣಕ? – ‘ಗಣಕಗಳ ವರ್ಗೀಕರಣ’ ಪಾಠದ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಹೊಸಪೇಟೆಯಲ್ಲಿ ನಡೆದ ಒಂದು ಅಂತರಶಾಲಾ ವಿಜ್ಞಾನ ರಸಪ್ರಶ್ನೆಯಲ್ಲಿ ಲಿಖಿತ ಸುತ್ತಿನ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಹೈಬ್ರಿಡ್ ಗಣಕಕ್ಕೆ ಒಂದು ಉದಾಹರಣೆ ಕೊಡಿ’ ಎಂಬುದು ಒಂದು ಅಂಕದ ಪ್ರಶ್ನೆ. ಕೊಟ್ಟಿದ್ದ ಮಾದರಿ ಉತ್ತರ: ‘ಆಸ್ಪತ್ರೆಯ ತೀವ್ರ ನಿಗಾ ಘಟಕದ ಉಪಕರಣ’. ಸಂಡೂರು ಕಡೆಯ ಒಬ್ಬ ಹುಡುಗ ‘ಅದಿರು ಲಾರಿ ತೂಗುವ ವೇ ಬ್ರಿಡ್ಜ್’ ಎಂದು ಬರೆದಿದ್ದ. ಮಾದರಿ ಉತ್ತರದಲ್ಲಿ ಇಲ್ಲವಲ್ಲ, ತಪ್ಪು ಹಾಕಿದೆ.

ಸಂಜೆ ಆತ ಹುಡುಕಿಕೊಂಡು ಬಂದ. “ಸರ್, ಐಸಿಯುನಾಗ ಎದಿ ಬಡಿತ ಅಳೀತೈತಿ, ನಂಬರ್ ತೋರಿಸ್ತೈತಿ. ನಮ್ಮಪ್ಪನ ವೇ ಬ್ರಿಡ್ಜ್‌ನಾಗ ಲಾರಿ ತೂಕ ಅಳೀತೈತಿ, ನಂಬರ್ ತೋರಿಸ್ತೈತಿ. ಎಲ್ಡಕ್ಕೂ ಫರಕ್ ಏನೈತ್ರಿ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಫಲಿತಾಂಶ ಆಗಲೇ ಪ್ರಕಟವಾಗಿದೆಯೆಂದು ಹೇಳಿ ಕಳುಹಿಸಿಬಿಟ್ಟೆ. ಹಾಗೆ ಕಳುಹಿಸಿದ್ದು ಈಗಲೂ ಮನಸ್ಸಿಗೆ ಹಿತವಾಗಿಲ್ಲ. ಏಕೆಂದರೆ ಮಾದರಿ ಉತ್ತರ ಸರಿಯಾಗಿದ್ದರೆ ಹುಡುಗನ ಉತ್ತರವೂ ಸರಿ. ಹುಡುಗನದು ತಪ್ಪಾಗಿದ್ದರೆ ಮಾದರಿ ಉತ್ತರವೂ ತಪ್ಪು. ನಿಜ ಹೇಳಬೇಕೆಂದರೆ ಎರಡೂ ತಪ್ಪು!

ವೇ ಬ್ರಿಡ್ಜ್‌ನ ಒಳಗೆ ಏನಾಗುತ್ತದೆ ನೋಡಿ. ಲಾರಿ ನಿಲ್ಲುವ ಕಬ್ಬಿಣದ ಹಾಸಿನ ಕೆಳಗೆ ಲೋಡ್ ಸೆಲ್‌ಗಳಿರುತ್ತವೆ. ಭಾರ ಬಿದ್ದಾಗ ಲೋಹದ ತುಂಡು ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಬಾಗುತ್ತದೆ. ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಅಷ್ಟೇ ಸೂಕ್ಷ್ಮವಾಗಿ ಬದಲಾಗುತ್ತದೆ. ಈ ಬದಲಾವಣೆ ನಿರಂತರವಾದದ್ದು, ಎಂದರೆ ಅನಲಾಗ್. ಅನಂತರ ಒಂದು ಪರಿವರ್ತಕ ಅದನ್ನು ಅಂಕಿಯಾಗಿಸುತ್ತದೆ. ಅಲ್ಲಿಂದ ಮುಂದೆ ಸೊನ್ನೆ ಕಳೆಯುವುದು, ಖಾಲಿ ಲಾರಿಯ ತೂಕ ಕಳೆಯುವುದು, ಚೀಟಿ ಮುದ್ರಿಸುವುದು ಎಲ್ಲವೂ ಡಿಜಿಟಲ್. ಐಸಿಯುನಲ್ಲಿ ಎದೆಗೆ ಅಂಟಿಸಿದ ವಿದ್ಯುದಗ್ರದಿಂದ ಪರದೆಯ ತನಕ ನಡೆಯುವುದೂ ಇದೇ. ಹೊರಗಿನ ಪ್ರಪಂಚವನ್ನು ಮುಟ್ಟುವ ತುದಿ ಅನಲಾಗ್ ಎಂಬ ಕಾರಣಕ್ಕೆ ಗಣಕವೇ ಹೈಬ್ರಿಡ್ ಆಗುವುದಾದರೆ, ನಿಮ್ಮ ಮೊಬೈಲೂ ಹೈಬ್ರಿಡ್ಡೇ. ಅದಕ್ಕೂ ಮೈಕ್ ಇದೆ, ಕ್ಯಾಮೆರಾ ಇದೆ.

ಹಾಗಿದ್ದರೆ ಅನಲಾಗ್ ಗಣಕವೆಂದರೆ ಯಾವುದು? ಲೆಕ್ಕವನ್ನೇ ಭೌತನಿಯಮದಿಂದ ಮಾಡಿಸುವ ಯಂತ್ರ. 1879ರಲ್ಲಿ ಭಾರತದ ಬಂದರುಗಳ ಉಬ್ಬರವಿಳಿತ ಲೆಕ್ಕಹಾಕಲೆಂದೇ ಇಂಗ್ಲೆಂಡಿನಲ್ಲಿ ಒಂದು ಹಿತ್ತಾಳೆಯ ಯಂತ್ರ ತಯಾರಾಯಿತು. ಚಂದ್ರ ಸೂರ್ಯರ ಪ್ರಭಾವದ ಒಂದೊಂದು ಅಂಶಕ್ಕೂ ಒಂದೊಂದು ರಾಟೆ, ಎಲ್ಲ ರಾಟೆಗಳ ಮೇಲೂ ಹಾದುಹೋಗುವ ಒಂದೇ ದಾರ. ದಾರದ ತುದಿಯ ಏರಿಳಿತವೇ ಮೊತ್ತ! ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ 1953ರಲ್ಲಿ ಸಮರೇಂದ್ರ ಕುಮಾರ್ ಮಿತ್ರ ಅವರು ಹತ್ತು ಅಜ್ಞಾತಗಳ ರೇಖೀಯ ಸಮೀಕರಣಗಳನ್ನು ಬಿಡಿಸಲು ಕಟ್ಟಿದ್ದೂ ಅನಲಾಗ್ ಗಣಕವೇ. 1960ರ ದಶಕದಲ್ಲಿ ಇಂಥ ಯಂತ್ರವನ್ನೂ ಡಿಜಿಟಲ್ ಯಂತ್ರವನ್ನೂ ಜೋಡಿಸಿ, ಕ್ಷಿಪಣಿಗಳ ಪಥದಂಥ ಸಮಸ್ಯೆಗಳಿಗೆ ಬಳಸಿದರು. ಹೈಬ್ರಿಡ್ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಆ ಯಂತ್ರಗಳು ಮೂಲೆ ಸೇರಿದ ಮೇಲೆ ಪಾಠದಲ್ಲಿ ಹೆಸರು ಮಾತ್ರ ಉಳಿಯಿತು. ಹೆಸರಿದ್ದ ಮೇಲೆ ಉದಾಹರಣೆ ಬೇಕಲ್ಲವೆ? ಪೆಟ್ರೋಲ್ ಬಂಕಿನ ಯಂತ್ರ, ಕಾರಿನ ವೇಗಮಾಪಕ, ಐಸಿಯು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಲಾಯಿತು. ಇಂದಿನ ಪೆಟ್ರೋಲ್ ಪಂಪು ಹರಿವಿನ ಮೀಟರು ಸುತ್ತಿದಂತೆ ಬರುವ ಮಿಡಿತಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತದೆ. ಎಣಿಸುವುದಕ್ಕಿಂತ ಡಿಜಿಟಲ್ ಕೆಲಸ ಇನ್ನೊಂದಿಲ್ಲ.

ಈಗ ಪಾಠದ ಇನ್ನೊಂದು ಏಣಿಗೆ ಬರೋಣ: ಸೂಪರ್, ಮೇನ್‌ಫ್ರೇಮ್, ಮಿನಿ, ಮೈಕ್ರೋ. ಹಲವು ಪಠ್ಯಪುಸ್ತಕಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಗೈಡುಗಳಲ್ಲಿ, ಇದು ‘ಗಾತ್ರ ಮತ್ತು ಸಾಮರ್ಥ್ಯದ ಆಧಾರದ ಮೇಲೆ’ ಮಾಡಿದ ವಿಂಗಡಣೆಯೆಂದು ಹೇಳಿರುತ್ತದೆ. ಎಷ್ಟು ಗಾತ್ರ, ಎಷ್ಟು ಸಾಮರ್ಥ್ಯ ಎಂದು ಕೇಳಿದರೆ ಮಾತ್ರ ಉತ್ತರ ಸಿಗದು.

ಮೇನ್‌ಫ್ರೇಮಿಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ ರೈಲ್ವೆಯ ಮುಂಗಡ ಟಿಕೆಟ್ ವ್ಯವಸ್ಥೆ. ನೀವು ಹೊಸಪೇಟೆ ರೈಲು ನಿಲ್ದಾಣದ ಕಿಟಕಿಯಲ್ಲಿ ಚೀಟಿ ತುಂಬಿ ಕೊಟ್ಟಿದ್ದರೆ ಅದರ ಹಿಂದಿರುವ ಯಂತ್ರದ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಭಾರತದಲ್ಲಿ ಈ ವ್ಯವಸ್ಥೆಯನ್ನು 1985-86ರಲ್ಲಿ ಮೊದಲು ದೆಹಲಿಯಲ್ಲಿ ಸಿ.ಎಂ.ಸಿ. ಸಂಸ್ಥೆ ಅಳವಡಿಸಿತು. ಅದು ನಡೆದದ್ದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ವ್ಯಾಕ್ಸ್ ಯಾವ ವರ್ಗದ್ದು? ಅದಕ್ಕೆ ಆಗ ಇದ್ದ ಹೆಸರು ‘ಸೂಪರ್ ಮಿನಿ’! 1999ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳನ್ನು ಒಂದು ಜಾಲಕ್ಕೆ ಸೇರಿಸಿ ಎಲ್ಲಿಂದ ಎಲ್ಲಿಗಾದರೂ ಟಿಕೆಟ್ ಕೊಡುವಂತೆ ಮಾಡಿದಾಗಲೂ ಆಧಾರ ಅದೇ ಮನೆತನದ ಯಂತ್ರಗಳು. ಎಂದರೆ, ಮೇನ್‌ಫ್ರೇಮಿಗೆ ನಾವು ಮಕ್ಕಳಿಂದ ಬರೆಸುವ ಉದಾಹರಣೆ ನಮ್ಮ ದೇಶದಲ್ಲಿ ಮಿನಿ ಗಣಕದ ಸಾಧನೆ. ‘ಮಿನಿ’ ಎಂದು ಬರೆದ ವಿದ್ಯಾರ್ಥಿಗೆ ನಾವು ಸೊನ್ನೆ ಕೊಡುತ್ತಿದ್ದೇವೆ.

ಈ ವ್ಯಾಕ್ಸ್ ಯಂತ್ರಗಳ ಅಭಿವೃದ್ಧಿಯನ್ನು ನೋಡಿಕೊಂಡ ಗಾರ್ಡನ್ ಬೆಲ್ ಅವರೇ 1972ರಲ್ಲಿ ಗಣಕಗಳ ವರ್ಗಗಳ ಬಗ್ಗೆ ಒಂದು ನಿಯಮ ಸೂಚಿಸಿದ್ದರು. ತಂತ್ರಜ್ಞಾನ ಅಗ್ಗವಾದಂತೆಲ್ಲ ಸುಮಾರು ದಶಕಕ್ಕೊಂದರಂತೆ ಹೊಸ, ಕಡಿಮೆ ಬೆಲೆಯ ವರ್ಗ ಹುಟ್ಟುತ್ತದೆ. ಹಳೆಯದು ಒಂದೋ ಕಿರಿದಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಗಮನಿಸಿ, ಅವರ ಅಳತೆಗೋಲು ಮುಖ್ಯವಾಗಿ ಬೆಲೆ. ನಮ್ಮ ಪಾಠದ ಏಣಿ ಎಂದರೆ 1970ರ ದಶಕದ ಒಂದು ಬೆಲೆಪಟ್ಟಿ. ಬೆಲೆ ಅಳಿಸಿಹೋಗಿ ಹೆಸರಷ್ಟೇ ನಮಗೆ ಬಂದಿದೆ.

ಸಾಮರ್ಥ್ಯದ ಕಥೆಯೂ ಹೀಗೆಯೇ. 1976ರ ಕ್ರೇ-1 ಸೂಪರ್ ಗಣಕ ಸೆಕೆಂಡಿಗೆ ಗರಿಷ್ಠ 16 ಕೋಟಿ ದಶಮಾಂಶ ಲೆಕ್ಕಗಳನ್ನು ಮಾಡುತ್ತಿತ್ತು. ಇಂದಿನ ಸಾಧಾರಣ ಮೊಬೈಲ್ ಅದರ ನೂರಾರು ಪಟ್ಟು ಮಾಡುತ್ತದೆ. ಅಮೆರಿಕದಿಂದ ಬೇಕಾದ ಸೂಪರ್ ಗಣಕ ಸಿಗದೆ ನಾವೇ ಕಟ್ಟಿಕೊಂಡ ‘ಪರಮ್ 8000’ ಹೊರಬಂದದ್ದು 1991ರಲ್ಲಿ. ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ‘ಪರಮ್ ಪ್ರವೇಗ’ದ ಸಾಮರ್ಥ್ಯ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಹಾಗಾದರೆ ‘ಸೂಪರ್’ ಎಂಬುದಕ್ಕೆ ಗೆರೆ ಎಲ್ಲಿ? ಗೆರೆ ಇಲ್ಲ, ಸಾಲು ಇದೆ. 1993ರಿಂದ ವರ್ಷಕ್ಕೆರಡು ಬಾರಿ ಜಗತ್ತಿನ 500 ಅತಿವೇಗದ ಗಣಕಗಳನ್ನು ಒಂದೇ ಬಗೆಯ ಲೆಕ್ಕ ಕೊಟ್ಟು ಅಳೆದು ಪಟ್ಟಿ ಮಾಡುತ್ತಾರೆ. ಸೂಪರ್ ಎಂಬುದು ತರಗತಿಯ ಮೊದಲ ಬೆಂಚಿನಂತೆ. ಆ ವರ್ಷ ಯಾರು ಕೂತರೋ ಅವರದ್ದು. 1999ರಲ್ಲಿ ಆಪಲ್ ಕಂಪನಿ ತನ್ನ ಮೇಜಿನ ಮೇಲಿನ ಜಿ4 ಯಂತ್ರವನ್ನೇ ಸೂಪರ್ ಗಣಕವೆಂದು ಜಾಹೀರಾತು ಮಾಡಿತು. ಅಮೆರಿಕದ ರಫ್ತು ನಿರ್ಬಂಧದ ಅಂಕಿಯನ್ನು ಅದು ದಾಟಿತ್ತಂತೆ!

ಹಳೆಯ ಹೆಸರುಗಳೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಮೇನ್‌ಫ್ರೇಮ್ ಇಂದೂ ಬದುಕಿದೆ, ಐ.ಬಿ.ಎಂ. 2025ರಲ್ಲೂ ಹೊಸ ಮಾದರಿ ತಂದಿತು. ದೊಡ್ಡ ಬ್ಯಾಂಕುಗಳಿಗೆ ಅದು ಬೇಕು. ಆದರೆ ಬೇಕಾಗಿರುವುದು ಅದರ ಗಾತ್ರಕ್ಕಲ್ಲ. ಒಂದೇ ಖಾತೆಯ ಮೇಲೆ ಏಕಕಾಲಕ್ಕೆ ಬರುವ ಹತ್ತು ಬೇಡಿಕೆಗಳನ್ನು ಗೊಂದಲವಿಲ್ಲದೆ, ಒಂದು ದಿನವೂ ನಿಲ್ಲದೆ ನಡೆಸುವ ಗುಣಕ್ಕೆ. ರೈಲ್ವೆಯ ಮಿನಿಗಳು ಮಾಡಿದ್ದೂ ಆ ಕೆಲಸವನ್ನೇ: ಒಂದು ಬರ್ತು ಇಬ್ಬರಿಗೆ ಮಾರಾಟವಾಗಬಾರದು. ಕೆಲಸವನ್ನು ನೋಡಿದರೆ ಎರಡೂ ಒಂದೇ ಗುಂಪು, ಪೆಟ್ಟಿಗೆಯನ್ನು ನೋಡಿದರೆ ಬೇರೆ ಬೇರೆ.

ಪೆಟ್ಟಿಗೆಯನ್ನು ಬಿಟ್ಟು ಕೆಲಸವನ್ನು ನೋಡುವುದು ಹೇಗೆಂದು ತಿಳಿಯಲು ಹೊಸಪೇಟೆಯಿಂದ ಬಳ್ಳಾರಿ ಕಡೆಯ ರೈಲು ಹತ್ತಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಇಳಿಯಿರಿ. ಅಲ್ಲಿನ ಉಕ್ಕಿನ ಸ್ಥಾವರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಯಾವುದೇ ಸಮಗ್ರ ಉಕ್ಕಿನ ಕಾರ್ಖಾನೆಯಲ್ಲಿ ಗಣಕಗಳನ್ನು ಮಟ್ಟಗಳಾಗಿ ಜೋಡಿಸಿರುತ್ತಾರೆ. ಕೆಂಪಗೆ ಕಾದ ಉಕ್ಕಿನ ಚಪ್ಪಡಿಯನ್ನು ಉರುಳೆಗಳ ನಡುವೆ ತೂರಿಸಿ ತೆಳು ಹಾಳೆ ಮಾಡುವ ಗಿರಣಿಯನ್ನು ಊಹಿಸಿಕೊಳ್ಳಿ. ಹಾಳೆ ಹೊರಬರುವ ವೇಗ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ಇರಬಹುದು. ದಪ್ಪ ಸ್ವಲ್ಪ ಹೆಚ್ಚಾಯಿತೆಂದು ಸಂವೇದಕ ಹೇಳಿದರೆ ಉರುಳೆಯನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಒತ್ತಬೇಕು. ಇದು ಮೊದಲ ಮಟ್ಟ, ಇಲ್ಲಿರುವುದು ಪಿ.ಎಲ್.ಸಿ. ಮೊದಲಾದ ನಿಯಂತ್ರಕಗಳು. ಮುಂದಿನ ಚಪ್ಪಡಿ ಬರುವುದರೊಳಗೆ ಅದರ ತಾಪ, ಗಡಸುತನ ಲೆಕ್ಕಹಾಕಿ ಉರುಳೆಗಳ ಅಂತರ ನಿಗದಿ ಮಾಡುವುದು ಎರಡನೆಯ ಮಟ್ಟ. ಅದಕ್ಕೆ ಕೆಲವು ಸೆಕೆಂಡು ಸಮಯವಿದೆ. ಈ ಪಾಳಿಯಲ್ಲಿ ಯಾವ ಚಪ್ಪಡಿಯ ಹಿಂದೆ ಯಾವುದು ಎಂಬ ಯೋಜನೆ ಮೂರನೆಯದು. ಗ್ರಾಹಕರ ಬೇಡಿಕೆ, ಬಿಲ್ಲು, ಸಂಬಳ ನಾಲ್ಕನೆಯದು. ಅದು ನಾಳೆ ಆದರೂ ನಡೆದೀತು.

ಇಲ್ಲಿ ವಿಂಗಡಿಸಿದ್ದು ಯಾವುದರಿಂದ? ‘ಉತ್ತರ ಎಷ್ಟು ತಡವಾದರೆ ಅದು ಉತ್ತರವೇ ಅಲ್ಲ?’ ಎಂಬ ಪ್ರಶ್ನೆಯಿಂದ. ಮೊದಲ ಮಟ್ಟದ ನಿಯಂತ್ರಕದ ಸಂಸ್ಕಾರಕ ನಿಮ್ಮ ಮೊಬೈಲಿನದಕ್ಕಿಂತ ಎಷ್ಟೋ ದುರ್ಬಲವಾಗಿರಬಹುದು. ಆದರೂ ಆ ಜಾಗದಲ್ಲಿ ಮೊಬೈಲ್ ಇಡಲಾಗದು. ಯಾರದೋ ಸಂದೇಶ ಬಂತೆಂದು ಮೊಬೈಲ್ ಅರೆಕ್ಷಣ ತಡೆದರೆ ನಾವು ಗಮನಿಸುವುದೂ ಇಲ್ಲ. ಗಿರಣಿಯಲ್ಲಿ ಅರೆಕ್ಷಣವೆಂದರೆ ಐದು ಮೀಟರು ಉಕ್ಕು. ಪರಮ್ ಪ್ರವೇಗವನ್ನು ತಂದಿಟ್ಟರೂ ಪ್ರಯೋಜನವಿಲ್ಲ. ಅದು ಬಹಳ ಲೆಕ್ಕ ಮಾಡಬಲ್ಲದು, ಆದರೆ ಇಂತಿಷ್ಟು ಮಿಲಿಸೆಕೆಂಡಿನಲ್ಲಿ ತಪ್ಪದೆ ಉತ್ತರಿಸುತ್ತೇನೆಂಬ ವಾಗ್ದಾನ ಅದರ ಕೆಲಸದಲ್ಲಿಲ್ಲ. ಗಾತ್ರದ ಏಣಿಯಲ್ಲಿ ಈ ನಿಯಂತ್ರಕಕ್ಕೆ ಮೆಟ್ಟಿಲೇ ಇಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ. ಗಿರಣಿ, ಕಾರು, ಪಂಪು, ವಾಷಿಂಗ್ ಮೆಷಿನ್ ಎಲ್ಲೆಡೆ ಇರುವುದು ಇಂಥವೇ. ಎಣಿಕೆಯಲ್ಲಿ ಜಗತ್ತಿನ ಬಹುಪಾಲು ಗಣಕಗಳು ಇವು. ಪಾಠ ಮೈಕ್ರೋ ಎಂದಾಗ ಮೇಜಿನ ಮೇಲಿನ ಪಿ.ಸಿ.ಯನ್ನೇ ತೋರಿಸುತ್ತದೆ.

ತೋರಣಗಲ್ಲಿನಿಂದ ಸಂಡೂರಿಗೆ ದಾರಿ ಬೆಟ್ಟಗಳ ನಡುವೆ ಹೋಗುತ್ತದೆ. ವರ್ಗೀಕರಣವೆಂದರೆ ಏನೆಂದು ಸಂಡೂರಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಕೇಂದ್ರ ಉನ್ನತಾಧಿಕಾರ ಸಮಿತಿ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಗುತ್ತಿಗೆಯ ಗೆರೆಯಾಚೆ ತೋಡಿದ ಗುಂಡಿ ಗುತ್ತಿಗೆ ಪ್ರದೇಶದ ಶೇಕಡ 10ರವರೆಗೆ, ಹೊರಗೆ ಸುರಿದ ಮಣ್ಣಿನ ರಾಶಿ ಶೇಕಡ 15ರವರೆಗೆ ಇದ್ದರೆ ‘ಬಿ’. ಅದನ್ನು ಮೀರಿದರೆ ‘ಸಿ’. ಅಳತೆ ಸ್ಥಳದಲ್ಲೇ ಸರ್ವೆ ಮಾಡಿ ಆದದ್ದು. 2013ರ ಏಪ್ರಿಲ್ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಆ ವಿಂಗಡಣೆ ನ್ಯಾಯವೇ ಅಲ್ಲವೇ ಎಂದು ಚರ್ಚೆ ಮಾಡಬಹುದು. ಆದರೆ ಅದಕ್ಕೊಂದು ಅಳತೆಗೋಲಿತ್ತು, ಗೆರೆ ಎಲ್ಲಿದೆಯೆಂದು ಬರೆದಿತ್ತು, ಯಾವ ವರ್ಗಕ್ಕೆ ಬಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು. ನಮ್ಮ ಗಣಕಗಳ ಪಾಠದಲ್ಲಿ ಈ ಮೂರೂ ಇಲ್ಲ.

ಹುಡುಗನ ವೇ ಬ್ರಿಡ್ಜ್‌ಗೆ ಮತ್ತೆ ಬನ್ನಿ. ಲಾರಿ ನಿಂತಿರುತ್ತದೆ, ಆದ್ದರಿಂದ ಉತ್ತರ ಎರಡು ಸೆಕೆಂಡು ತಡವಾದರೆ ನಷ್ಟವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಬರೆದ ತೂಕವನ್ನು ಆಮೇಲೆ ಯಾರಾದರೂ ಬದಲಾಯಿಸಬಹುದೆ? ಪರವಾನಗಿಗಿಂತ ಹೆಚ್ಚು ಅದಿರು ಹೊತ್ತ ಲಾರಿಗಳ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇರುವ ತೂಕ ನಿಮಗೆ ಗೊತ್ತೇ ಇದೆ. ಚೀಟಿ ಆ ಒಂದು ಪಿ.ಸಿ.ಯಲ್ಲೇ ಉಳಿದರೆ ಒಂದು ಬಗೆ, ತೂಗಿದ ಕೂಡಲೇ ಬೇರೊಂದು ಕಡೆಯೂ ದಾಖಲಾದರೆ ಇನ್ನೊಂದು ಬಗೆ. ಪೆಟ್ಟಿಗೆ ಎರಡೂ ಕಡೆ ಒಂದೇ.

ಹಂಪಿಯಲ್ಲಿ ಕಾಲದ ಲೆಕ್ಕ ತಿರುವುಮುರುವಾಗುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ನಡೆದ ‘ಡಿಜಿಟಲ್ ಹಂಪಿ’ ಯೋಜನೆಯಲ್ಲಿ ಸ್ಮಾರಕಗಳ ಮೂರು ಆಯಾಮದ ಮಾದರಿಗಳನ್ನು ಸಿದ್ಧಪಡಿಸಿದರು. ಇಂಥ ಮಾದರಿಯ ಒಂದು ಚಿತ್ರ ಮೂಡಲು ಇಡೀ ರಾತ್ರಿ ಹಿಡಿದರೂ ಕಂಬಗಳೇನೂ ಓಡಿಹೋಗವು. ಇಲ್ಲಿ ಬೇಕಾದದ್ದು ಒಂದೇ ಬಗೆಯ ಕೋಟ್ಯಂತರ ಲೆಕ್ಕಗಳನ್ನು ಒಟ್ಟಿಗೆ ಮಾಡುವ ಚಿತ್ರಸಂಸ್ಕಾರಕ. ವಿಡಿಯೋ ಆಟಗಳಿಗೆಂದು ಬೆಳೆದ ಈ ಚಿಪ್ಪುಗಳೇ ಇಂದು ಸೂಪರ್ ಗಣಕಗಳ ಒಳಗೂ ಸಾವಿರಗಟ್ಟಲೆ ಕೂತಿವೆ. ಏಣಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲು ಒಂದೇ ಮರದ್ದು! ಪದವಿ ತರಗತಿಯವರಿಗೆ ಇಲ್ಲಿ ಫ್ಲಿನ್ 1966ರಲ್ಲಿ ಮಾಡಿದ ವಿಂಗಡಣೆ ನೆನಪಾಗಬಹುದು. ಆದೇಶ ಎಷ್ಟು, ದತ್ತಾಂಶ ಎಷ್ಟು ಎಂದು ನೋಡುವ ಅದು ಗಾತ್ರದ ಏಣಿಗಿಂತ ಚೆನ್ನಾಗಿ ಬಾಳಿದೆ.

ಹಂಪಿಯಿಂದ ಕಮಲಾಪುರ ದಾಟಿ ಕಂಪ್ಲಿಗೆ ಹೋದರೆ ಭತ್ತದ ಗದ್ದೆಗಳು. ಸುಮಾರು 2001ರಲ್ಲಿ ‘ಭೂಮಿ’ ಯೋಜನೆ ಬಂದಾಗ ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಪಹಣಿ ಬೇಕಾದ ರೈತ ತಾಲ್ಲೂಕು ಕಚೇರಿಗೆ ಬಂದು 15 ರೂಪಾಯಿ ಕಟ್ಟಬೇಕಿತ್ತು. ಕಿಟಕಿಯ ಪಿ.ಸಿ.ಗೆ ಎರಡು ಪರದೆ. ಒಂದು ರೈತನ ಕಡೆಗೇ ತಿರುಗಿತ್ತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಹೀಗೆ ಗಣಕಕ್ಕೇರಿದವು. ಮುಂದೆ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದವು, ಈಗ ಅದೇ ಪಹಣಿ ಮೊಬೈಲಿನಲ್ಲಿ ಕಾಣುತ್ತದೆ. ಕಂಪ್ಲಿಯೂ ಬೇರೆ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದಾಗ ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಗಣಕದ ವರ್ಗ ಎರಡು ಬಾರಿ ಬದಲಾಗಿದೆ, ತಾಲ್ಲೂಕು ಬದಲಾಗಿದೆ. ಹೊಲ, ಅದರ ಸರ್ವೆ ನಂಬರು, ಅದು ಯಾರದೆಂಬ ಪ್ರಶ್ನೆ ಅಲ್ಲೇ ಇದೆ.

ಇದೇ ಊರಿನ ಹೊಳೆಯ ದಂಡೆಯಲ್ಲಿ ನಿಂತರೆ ಇನ್ನೊಂದು ಕಾಲಮಿತಿ ಕಾಣುತ್ತದೆ. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಗೆ ಹೋಗುವ ಕಂಪ್ಲಿ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾದಾಗ ನದಿಪಾತ್ರದ ಊರುಗಳು ಎಚ್ಚರವಾಗಿರಬೇಕಾಯಿತು. ಸರಪಳಿ ತುಂಡಾಗುವುದನ್ನು ಯಾವ ಹವಾಮಾನ ಲೆಕ್ಕವೂ ಹೇಳದು. ಆದರೆ ಮಲೆನಾಡಿನ ಮಳೆಯನ್ನು ಹೇಳಬಹುದು. 2024ರಲ್ಲಿ ಪುಣೆಯಲ್ಲಿ ‘ಅರ್ಕ’, ನೊಯಿಡಾದಲ್ಲಿ ‘ಅರುಣಿಕ’ ಎಂಬ ಎರಡು ಸೂಪರ್ ಗಣಕಗಳು ಹವಾಮಾನಕ್ಕೆಂದೇ ಬಂದವು. ಅವುಗಳಿಗೂ ಗಡುವಿದೆ: ನಾಳಿನ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಅದು ಇತಿಹಾಸ. ಉರುಳುಗಿರಣಿಯ ಪುಟ್ಟ ನಿಯಂತ್ರಕವೂ ಪುಣೆಯ ಸೂಪರ್ ಗಣಕವೂ ಗಡುವಿನ ವಿಷಯದಲ್ಲಿ ಬಂಧುಗಳು. ಅವುಗಳನ್ನು ಏಣಿಯ ಎರಡು ತುದಿಗೆ ಕಟ್ಟಿಹಾಕಿ ಕಲಿಸಿದರೆ ಈ ಬಾಂಧವ್ಯ ಮಕ್ಕಳಿಗೆ ಕಾಣುವುದು ಹೇಗೆ?

ಅಧ್ಯಾಪಕ ಮಿತ್ರರೇ, ಪಠ್ಯಕ್ರಮ ನಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಪರೀಕ್ಷೆಗೆ ನಾಲ್ಕು ಹೆಸರು ಬರೆಸಲೇಬೇಕಾದರೆ ಬರೆಸಿ, ಆದರೆ ಅವು ಯಾವ ಕಾಲದ ಹೆಸರುಗಳೆಂದು ಹೇಳಿ. ಮಾದರಿ ಉತ್ತರದಾಚೆಗಿನ ಉತ್ತರ ಬಂದಾಗ ಕೆಂಪು ಪೆನ್ನು ಎತ್ತುವ ಮೊದಲು ಬರೆದವರನ್ನು ಒಮ್ಮೆ ಕೇಳಿ.

ನಾನು ಕಳೆದ ಸಲ ಇಂಥದೇ ಸ್ಪರ್ಧೆಗೆ ಬರೆದುಕೊಟ್ಟ ಪ್ರಶ್ನೆ ಇದು. ನಿಮ್ಮ ತರಗತಿಯಲ್ಲಿ ಬಳಸಿಕೊಳ್ಳಬಹುದು. ‘ಕಂಪ್ಲಿ ಕಡೆಯ ಅಕ್ಕಿ ಗಿರಣಿಗೆ ಹೋಗಿ ಸಾರ್ಟೆಕ್ಸ್ ಯಂತ್ರವನ್ನು ನೋಡಿ. ಇಳಿಜಾರಿನಲ್ಲಿ ಜಾರಿ ಬೀಳುವ ಅಕ್ಕಿಯ ಚಿತ್ರ ತೆಗೆದು, ಕಪ್ಪು ಕಾಳನ್ನು ಗುರುತಿಸಿ, ಗಾಳಿ ಊದಿ ಅದು ಹಾರಿಸುತ್ತದೆ. ಕ್ಯಾಮೆರಾದಿಂದ ಗಾಳಿಯ ಕೊಳವೆಗೆ ಇರುವ ದೂರವನ್ನು ಕೇಳಿ ತಿಳಿದುಕೊಳ್ಳಿ. ಗಣಕಕ್ಕೆ ಯೋಚಿಸಲು ಎಷ್ಟು ಸಮಯ ಸಿಗುತ್ತದೆಂದು ಲೆಕ್ಕಹಾಕಿ. ತಡವಾದರೆ ಯಾವ ಕಾಳು ಹಾರುತ್ತದೆ?’ 5 ಅಂಕ.